ರಿಟರ್ನ್ ಸಲ್ಲಿಸಿದ ಮೇಲೆ ಕಂಡ ತಪ್ಪು: ತಿದ್ದುವುದು ಎಲ್ಲಿ, ಹೇಗೆ?

ಪ್ರಶ್ನೆ: ನಾನು ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕಿ. 2024-25ನೇ ಹಣಕಾಸು ವರ್ಷದ ರಿಟರ್ನನ್ನು ಯಾರ ನೆರವೂ ಇಲ್ಲದೆ ಆಗಸ್ಟ್‌ನಲ್ಲಿ ನಾನೇ ಹೊಸ ತೆರಿಗೆ ಪದ್ಧತಿಯಲ್ಲಿ ಸಲ್ಲಿಸಿದೆ. ಸಂಬಳ 11,40,000 ರೂಪಾಯಿ. ಅದಕ್ಕೆ ಬರುವ 62,140 ರೂಪಾಯಿ ತೆರಿಗೆಯನ್ನು ಕಾಲೇಜಿನವರೇ ಮುರಿದುಕೊಂಡು ಕಟ್ಟಿದ್ದಾರೆ. ಈಗ ಎಐಎಸ್ (ನನ್ನ ಆದಾಯದ ಬಗ್ಗೆ ತೆರಿಗೆ ಇಲಾಖೆಯ ಬಳಿಯಿರುವ ವಾರ್ಷಿಕ ಮಾಹಿತಿ ಪಟ್ಟಿ) ತೆರೆದು ನೋಡಿದರೆ ಎಫ್‌ಡಿ ಬಡ್ಡಿ 38,000 ಮತ್ತು ಉಳಿತಾಯ ಖಾತೆಯ ಬಡ್ಡಿ 6,200 ರೂಪಾಯಿ ಕಾಣುತ್ತಿದೆ. ಬ್ಯಾಂಕಿನವರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿರಲಿಲ್ಲವಾದ್ದರಿಂದ ಅದಕ್ಕೆ ತೆರಿಗೆ ಇಲ್ಲವೆಂದುಕೊಂಡಿದ್ದೆ. ದಂಡ ಬೀಳುತ್ತದೆಯೇ?

ಉತ್ತರ: ದಂಡ ಬೀಳುವುದಿಲ್ಲ, ಆದರೆ 2025ರ ಡಿಸೆಂಬರ್ 31ರೊಳಗೆ ನೀವೇ ತಿದ್ದಿಕೊಳ್ಳಬೇಕು. ನಿಮ್ಮ ತಪ್ಪು ಬಹಳ ಮಂದಿ ಮಾಡುವಂಥದ್ದು. ಒಂದು ಬ್ಯಾಂಕಿನಿಂದ ಬರುವ ಠೇವಣಿ ಬಡ್ಡಿ ಆ ವರ್ಷ 40,000 ರೂಪಾಯಿ ದಾಟಿದ್ದರೆ ಮಾತ್ರ (ಹಿರಿಯ ನಾಗರಿಕರಿಗೆ 50,000) ಬ್ಯಾಂಕ್ ಟಿಡಿಎಸ್ ಹಿಡಿಯಬೇಕಿತ್ತು. ಈ ಮಿತಿ ಬ್ಯಾಂಕಿನ ಕರ್ತವ್ಯಕ್ಕೆ ಸಂಬಂಧಿಸಿದ್ದೇ ಹೊರತು ನಿಮ್ಮ ತೆರಿಗೆಗೆ ಸಂಬಂಧಿಸಿದ್ದಲ್ಲ; ನೂರು ರೂಪಾಯಿ ಬಡ್ಡಿ ಬಂದಿದ್ದರೂ ಅದು ‘ಇತರ ಮೂಲಗಳ ಆದಾಯ’ದಲ್ಲಿ ಸೇರಬೇಕು. ಉಳಿತಾಯ ಖಾತೆಯ ಬಡ್ಡಿಗೆ 80ಟಿಟಿಎ ಅಡಿಯಲ್ಲಿ ಸಿಗುವ 10,000 ರೂಪಾಯಿವರೆಗಿನ ವಿನಾಯಿತಿ ಹಳೆಯ ಪದ್ಧತಿಯವರಿಗೆ ಮಾತ್ರ ಇರುವುದರಿಂದ ನಿಮಗೆ ಅನ್ವಯಿಸದು.

ಲೆಕ್ಕವನ್ನು ಒಟ್ಟಿಗೆ ಮಾಡಿ ನೋಡೋಣ. ಸಂಬಳದಿಂದ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10,65,000 ಉಳಿಯುತ್ತದೆ. ಅದಕ್ಕೆ 44,200 ರೂಪಾಯಿ ಬಡ್ಡಿ ಸೇರಿಸಿದರೆ 11,09,200. ಆ ವರ್ಷದ ಹೊಸ ಪದ್ಧತಿಯಲ್ಲಿ 10 ಲಕ್ಷದಿಂದ 12 ಲಕ್ಷದವರೆಗಿನ ಹಂತಕ್ಕೆ ಶೇ 15ರ ದರವಿರುವುದರಿಂದ ಬಡ್ಡಿಯ ಮೇಲಿನ ತೆರಿಗೆ 6,630, ಶೇ 4ರ ಸೆಸ್ ಸೇರಿ ಸುಮಾರು 6,895. ಹತ್ತರ ಗುಣಕಕ್ಕೆ ಸರಿಪಡಿಸಿದಾಗ ನೀವು ಕಟ್ಟಬೇಕಾದ ಮೊತ್ತ 6,900 ರೂಪಾಯಿ. ಟಿಡಿಎಸ್ ಕಳೆದು ಉಳಿಯುವ ತೆರಿಗೆ 10,000 ರೂಪಾಯಿಗಿಂತ ಕಡಿಮೆ ಇರುವುದರಿಂದ ಮುಂಗಡ ತೆರಿಗೆ ಕಟ್ಟದಿದ್ದುದಕ್ಕೆ ಬಡ್ಡಿ ಇಲ್ಲ. ಮೂಲ ರಿಟರ್ನ್ ಸಕಾಲದಲ್ಲಿ ಸಲ್ಲಿಕೆಯಾಗಿರುವುದರಿಂದ ತಡವಾದ ಶುಲ್ಕವೂ ಇಲ್ಲ.

ಮೊದಲು ಹಣ ಕಟ್ಟಿ, ನಂತರ ರಿಟರ್ನ್ ತುಂಬಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನ ಇ-ಪೇ ಟ್ಯಾಕ್ಸ್ ವಿಭಾಗದಲ್ಲಿ ಕರ ನಿರ್ಧಾರಣಾ ವರ್ಷ (ಹಣಕಾಸು ವರ್ಷದ ಮರುವರ್ಷ) 2025-26 ಎಂದೂ ಪಾವತಿಯ ಬಗೆ ‘ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್’ ಎಂದೂ ಆಯ್ದುಕೊಳ್ಳಿ. ಇಲ್ಲಿ ಹಣಕಾಸು ವರ್ಷಕ್ಕೂ ಕರ ನಿರ್ಧಾರಣಾ ವರ್ಷಕ್ಕೂ ಗೊಂದಲ ಮಾಡಿಕೊಂಡು 2024-25 ಎಂದು ಒತ್ತಿಬಿಟ್ಟರೆ ನಿಮ್ಮ ಹಣ ಬೇರೆ ವರ್ಷದ ಖಾತೆಗೆ ಹೋಗಿ ಕೂರುತ್ತದೆ. ಪಾವತಿಸುವ ಮುನ್ನ ಆ ಸಾಲನ್ನು ಇನ್ನೊಮ್ಮೆ ಓದಿ. ಚಲನ್‌ನಲ್ಲಿರುವ ಬಿಎಸ್‌ಆರ್ ಕೋಡ್, ಚಲನ್ ಸಂಖ್ಯೆ ಮತ್ತು ದಿನಾಂಕ ರಿಟರ್ನಿಗೆ ಬೇಕಾಗುತ್ತವೆ. ಬಳಿಕ ಸೆಕ್ಷನ್ 139(5) ಅಡಿಯ ಪರಿಷ್ಕೃತ ರಿಟರ್ನ್ ಆಯ್ದುಕೊಂಡು ಮೂಲ ರಿಟರ್ನಿನ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ನಮೂದಿಸಿ. ಪರಿಷ್ಕೃತ ರಿಟರ್ನ್ ಹಳೆಯದರ ಜಾಗದಲ್ಲಿ ಪೂರ್ತಿಯಾಗಿ ನಿಲ್ಲುತ್ತದೆಯಾದ್ದರಿಂದ ಬಿಟ್ಟುಹೋದ ಬಡ್ಡಿಯನ್ನಷ್ಟೇ ಬರೆದರೆ ಸಾಲದು, ಸಂಬಳದಿಂದ ಹಿಡಿದು ಎಲ್ಲವೂ ಅದರಲ್ಲಿರಬೇಕು. ಮೊದಲ ರಿಟರ್ನನ್ನು ಸಂಸ್ಕರಿಸಿದ ಮೇಲೆ ಇಲಾಖೆ ಕಳಿಸುವ ಸೆಕ್ಷನ್ 143(1)ರ ಸೂಚನಾಪತ್ರ ಬಂದಿದ್ದರೂ ಇದಕ್ಕೆ ಅಡ್ಡಿಯಿಲ್ಲ.

ಗಡುವು ದಾಟಿದರೆ ಸೆಕ್ಷನ್ 139(8ಎ) ಅಡಿಯ ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು ಒಂದೇ ದಾರಿ. ಅದರಲ್ಲಿ ಮೊದಲ ಹನ್ನೆರಡು ತಿಂಗಳೊಳಗೇ ಶೇ 25ರಷ್ಟು ಹೆಚ್ಚುವರಿ ತೆರಿಗೆ ತೆರಬೇಕು. ನಿಮ್ಮ 6,900ಕ್ಕೆ ಅದು 1,725 ರೂಪಾಯಿ. ತಪ್ಪು ಕಣ್ಣಿಗೆ ಬಿದ್ದಿರುವಾಗ ಅಷ್ಟು ಹಣವನ್ನು ಸುಮ್ಮನೆ ಕಳೆದುಕೊಳ್ಳಬೇಡಿ ಎಂಬುದು ನನ್ನ ಕೋರಿಕೆ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ಸಂಸ್ಥೆಯೊಂದು 1,20,000 ರೂಪಾಯಿ ಸಲಹಾ ಶುಲ್ಕ ಕೊಡುವಾಗ 12,000 ಟಿಡಿಎಸ್ ಹಿಡಿಯಿತು. ಎರಡನ್ನೂ ರಿಟರ್ನಿನಲ್ಲಿ ತೋರಿಸಿದ್ದೆ. ಈಗ ಆ 12,000 ರೂಪಾಯಿಯನ್ನು ಒಪ್ಪದೆ ಬಾಕಿ ಕಟ್ಟುವಂತೆ ಸೂಚನಾಪತ್ರ ಬಂದಿದೆ. ಪರಿಷ್ಕೃತ ರಿಟರ್ನ್ ಸಲ್ಲಿಸಿ ಆ ಸಾಲನ್ನು ತೆಗೆದುಬಿಡಲೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ತೆಗೆದರೆ ನಿಮ್ಮ ದುಡ್ಡಿನ ಮೇಲಿನ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ ಆಗುತ್ತದೆ. ನಿಮ್ಮ ರಿಟರ್ನಿನಲ್ಲಿ ತಪ್ಪಿಲ್ಲ, ತಪ್ಪು ದಾಖಲೆಯಲ್ಲಿದೆ. ಆದ್ದರಿಂದ ತಿದ್ದುಪಡಿಯೂ ಅಲ್ಲಿಂದಲೇ ಆರಂಭವಾಗಬೇಕು. ಫಾರ್ಮ್ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ತೆರೆದು ಆ ಸಂಸ್ಥೆಯ ಹೆಸರಿದೆಯೇ ನೋಡಿ. ಇಲ್ಲವಾದರೆ, ಸಂಸ್ಥೆ ತನ್ನ ತ್ರೈಮಾಸಿಕ ಟಿಡಿಎಸ್ ವಿವರಪಟ್ಟಿಯನ್ನು ಸಲ್ಲಿಸಿಲ್ಲ, ಅಥವಾ ಸಲ್ಲಿಸುವಾಗ ನಿಮ್ಮ ಪ್ಯಾನ್ ಸಂಖ್ಯೆಯಲ್ಲಿ ಒಂದಕ್ಷರ ತಪ್ಪಿಸಿದೆ. ಎರಡನೆಯದನ್ನು ನಾನು ಎಷ್ಟೋ ಪತ್ರಗಳಲ್ಲಿ ಕಂಡಿದ್ದೇನೆ. ಅವರ ಲೆಕ್ಕ ವಿಭಾಗಕ್ಕೆ ಲಿಖಿತವಾಗಿ ಬರೆದು, ಪ್ಯಾನ್ ಪ್ರತಿಯನ್ನೂ ಹಣ ಜಮೆಯಾದ ಬ್ಯಾಂಕ್ ಪುಟವನ್ನೂ ಲಗತ್ತಿಸಿ, ತಿದ್ದುಪಡಿ ವಿವರಪಟ್ಟಿ ಸಲ್ಲಿಸುವಂತೆ ಕೇಳಿ. ಸಂಬಳ ಅಥವಾ ಶುಲ್ಕದಿಂದ ಒಮ್ಮೆ ಹಿಡಿದ ತೆರಿಗೆಯನ್ನು ಪಡೆದವರಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ.

ಈ ನಡುವೆ ಪೋರ್ಟಲ್‌ನಲ್ಲಿ ಬಾಕಿ ಬೇಡಿಕೆಗೆ ‘ಒಪ್ಪುವುದಿಲ್ಲ’ ಎಂಬ ಉತ್ತರವನ್ನು ಕಾರಣಸಹಿತ ದಾಖಲಿಸಿ. ಸುಮ್ಮನಿದ್ದರೆ ಮುಂದಿನ ವರ್ಷದ ರಿಫಂಡ್‌ನಿಂದ ಅದನ್ನು ಹೊಂದಿಸಿಕೊಳ್ಳಬಹುದು. 26ಎಎಸ್‌ನಲ್ಲಿ 12,000 ಕಂಡ ಮೇಲೆ ಸೆಕ್ಷನ್ 154 ಅಡಿ ರೆಕ್ಟಿಫಿಕೇಷನ್ (ತಪ್ಪು ತಿದ್ದುವ) ಕೋರಿಕೆ ಸಲ್ಲಿಸಿ, ರಿಟರ್ನನ್ನು ಮರುಸಂಸ್ಕರಿಸುವ ಆಯ್ಕೆ ಒತ್ತಿದರೆ ಸಾಕು. ಸೂಚನಾಪತ್ರ ಹೊರಟ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷಗಳ ಕಾಲಾವಕಾಶ ಇದೆಯಾದ್ದರಿಂದ ಗಾಬರಿಪಟ್ಟು ಎರಡನೇ ಬಾರಿ ಹಣ ಕಟ್ಟುವ ಅಗತ್ಯವಿಲ್ಲ.

ಪ್ರಶ್ನೆ: 2025ರ ಸೆಪ್ಟೆಂಬರ್ 10ರಂದು ರಿಟರ್ನ್ ಸಲ್ಲಿಸಿದೆ. ಆಧಾರ್ ಒಟಿಪಿ ಬಾರದ್ದರಿಂದ ದೃಢೀಕರಿಸುವುದು ಹಾಗೇ ಉಳಿಯಿತು. ಈಗ ನೋಡಿದರೆ ಬ್ಯಾಂಕ್ ಖಾತೆ ಸಂಖ್ಯೆಯೂ ತಪ್ಪಿದೆ.

ಉತ್ತರ: ದೃಢೀಕರಣಕ್ಕೆ 30 ದಿನಗಳ ಅವಧಿ ಇತ್ತು, ಅದು ಮುಗಿದಿರುವುದರಿಂದ ಈಗ ದೃಢೀಕರಿಸಿದರೆ ಆ ದಿನವೇ ಸಲ್ಲಿಕೆಯ ದಿನವಾಗುತ್ತದೆ. ಅಂತಿಮ ದಿನವಾದ ಸೆಪ್ಟೆಂಬರ್ 16 ದಾಟಿರುವುದರಿಂದ, ನಿಮ್ಮ ಆದಾಯ ತೆರಿಗೆಯ ಕನಿಷ್ಠ ಮಿತಿಗಿಂತ ಹೆಚ್ಚಿದ್ದರೆ 5,000 ರೂಪಾಯಿ ಶುಲ್ಕ ಕಟ್ಟಬೇಕು. ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000. ದೃಢೀಕರಿಸದ ರಿಟರ್ನನ್ನು ಪೋರ್ಟಲ್‌ನಲ್ಲೇ ತ್ಯಜಿಸಬಹುದು. ತ್ಯಜಿಸಿ, ಖಾತೆ ಸಂಖ್ಯೆ ತಿದ್ದಿ, ಡಿಸೆಂಬರ್ 31ರೊಳಗೆ ಹೊಸದಾಗಿ ಸಲ್ಲಿಸಿ, ಕುಳಿತ ಜಾಗದಿಂದ ಏಳುವ ಮುನ್ನ ದೃಢೀಕರಿಸಿ. ನೀವು ಸಂಬಳದಾರರಾಗಿದ್ದು ಹಳೆಯ ಪದ್ಧತಿ ಆಯ್ದುಕೊಂಡಿದ್ದರೆ ಒಂದು ಎಚ್ಚರಿಕೆ: ಆ ಆಯ್ಕೆ ಅಂತಿಮ ದಿನದೊಳಗೆ ಸಲ್ಲಿಸಿದವರಿಗೆ ಮಾತ್ರ ಇರುವುದರಿಂದ ತೆರಿಗೆಯನ್ನು ಹೊಸ ಪದ್ಧತಿಯಲ್ಲಿ ಮತ್ತೆ ಲೆಕ್ಕಹಾಕಬೇಕಾಗುತ್ತದೆ.

ಪ್ರಶ್ನೆ: 2022-23ನೇ ಹಣಕಾಸು ವರ್ಷದಲ್ಲಿ ಮಧ್ಯವರ್ತಿಯೊಬ್ಬರ ಮಾತು ಕೇಳಿ, ಕೊಡದ ದೇಣಿಗೆ ಮತ್ತು ಕಟ್ಟದ ಮನೆ ಬಾಡಿಗೆಯನ್ನು ತೋರಿಸಿ 41,000 ರೂಪಾಯಿ ರಿಫಂಡ್ ಪಡೆದೆ. ನೋಟಿಸ್ ಬಂದಿಲ್ಲ. ಮನಸ್ಸಿಗೆ ನೆಮ್ಮದಿ ಇಲ್ಲ. ಈಗ ಸರಿಪಡಿಸಬಹುದೇ? ಹೆಸರು ಪ್ರಕಟಿಸಬೇಡಿ.

ಉತ್ತರ: ಸರಿಪಡಿಸಬಹುದು. ಇಷ್ಟು ನೇರವಾಗಿ ಕೇಳಿದ್ದಕ್ಕೆ ನಿಮ್ಮನ್ನು ಗೌರವಿಸುತ್ತೇನೆ. ರಿಟರ್ನ್ ತುಂಬಿದವರು ಯಾರೇ ಆಗಿರಲಿ, ಅದನ್ನು ನಿಮ್ಮ ಹೆಸರಿನಲ್ಲಿ ದೃಢೀಕರಿಸಿರುವುದರಿಂದ ಕಾನೂನಿನ ಮುಂದೆ ಹೊಣೆ ನಿಮ್ಮದೇ. ಆ ಮಧ್ಯವರ್ತಿ ತನ್ನ ಪಾಲು ತೆಗೆದುಕೊಂಡು ಹೋಗಿಯಾಗಿದೆ.

ಆ ವರ್ಷಕ್ಕೆ ಪರಿಷ್ಕೃತ ರಿಟರ್ನಿನ ಕಾಲ ಮುಗಿದಿದೆ. ಉಳಿದಿರುವುದು ಐಟಿಆರ್-ಯು, 2025ರ ಹಣಕಾಸು ಕಾಯ್ದೆ ಅದರ ಅವಧಿಯನ್ನು 24 ತಿಂಗಳಿನಿಂದ 48 ತಿಂಗಳಿಗೆ ಏರಿಸಿದೆ. ಕರ ನಿರ್ಧಾರಣಾ ವರ್ಷ 2023-24 ಮುಗಿದದ್ದು 2024ರ ಮಾರ್ಚ್ 31ಕ್ಕೆ, ಆದ್ದರಿಂದ 2026ರ ಮಾರ್ಚ್ 31ರೊಳಗೆ ಸಲ್ಲಿಸಿದರೆ ಹೆಚ್ಚುವರಿ ತೆರಿಗೆ ಶೇ 50; ಅದಾದ ಮೇಲೆ ಶೇ 60, ಕೊನೆಯ ವರ್ಷ ಶೇ 70. 41,000 ರೂಪಾಯಿ ಮರಳಿ ಕಟ್ಟುವುದರ ಜೊತೆಗೆ ಕನಿಷ್ಠ 20,500 ರೂಪಾಯಿ ಹೆಚ್ಚುವರಿ ಬೀಳುತ್ತದೆ, ಬಡ್ಡಿಯೂ ಸೇರುತ್ತದೆ. ಹೊರೆ ದೊಡ್ಡದೇ, ಒಪ್ಪುತ್ತೇನೆ. ಆದರೆ ಸುಳ್ಳು ವಿನಾಯಿತಿ ಎಂದು ಇಲಾಖೆಯೇ ಕಂಡುಹಿಡಿದರೆ ಸೆಕ್ಷನ್ 270ಎ ಅಡಿ ತೆರಿಗೆಯ ಶೇ 200ರಷ್ಟು ದಂಡ ವಿಧಿಸಲು ಅವಕಾಶವಿದೆ. 41,000 ರೂಪಾಯಿಗೆ ಅದು 82,000. ಆ ವರ್ಷದ ಅಸೆಸ್‌ಮೆಂಟ್ (ತೆರಿಗೆ ನಿರ್ಧಾರಣೆ) ಪ್ರಕ್ರಿಯೆ ಒಮ್ಮೆ ಆರಂಭವಾಗಿ ಬಾಕಿ ಇದ್ದರೆ ಐಟಿಆರ್-ಯು ಸಲ್ಲಿಸಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಆ ವರ್ಷ ಉದ್ಯೋಗದಾತರು ಕೊಟ್ಟ ಫಾರ್ಮ್ 16 (ಸಂಬಳ ಮತ್ತು ಟಿಡಿಎಸ್ ಪ್ರಮಾಣಪತ್ರ) ಮತ್ತು ಸಲ್ಲಿಸಿದ ರಿಟರ್ನನ್ನು ಪಕ್ಕಪಕ್ಕ ಇಟ್ಟುಕೊಂಡು, ದಾಖಲೆಯಿಲ್ಲದ ಪ್ರತಿಯೊಂದು ಸಾಲಿಗೂ ಗೆರೆ ಹಾಕಿ. ಐಟಿಆರ್-ಯು ಸಲ್ಲಿಸುವಾಗ ಗೆರೆ ಬಿದ್ದ ಸಾಲುಗಳೆಲ್ಲ ಒಟ್ಟಿಗೆ ಹೊರಬರಲಿ, ಏಕೆಂದರೆ ಒಂದು ವರ್ಷಕ್ಕೆ ಅದನ್ನು ಒಮ್ಮೆ ಮಾತ್ರ ಸಲ್ಲಿಸಬಹುದು.