ಲಾರಿ ಹಾರ್ನ್ ಕೇಳಿದರೆ ಮೈ ಬಿಗಿಯುತ್ತದೆ, ದೇಹದ ಥೆರಪಿಯಿಂದ ಉಪಯೋಗ ಇದೆಯಾ?

ಅಪಘಾತವಾಗಿ ವರ್ಷವಾಯಿತು, ಗಾಯವೂ ಮಾಯ್ದಿದೆ, ಆದರೂ ಹಾರ್ನ್ ಸದ್ದಿಗೆ ಬೆವರುತ್ತೇನೆ, ಈ ದೇಹದ ಥೆರಪಿ ನಿಜಕ್ಕೂ ಕೆಲಸ ಮಾಡುತ್ತಾ ಅಂತ ಕೇಳಿದ್ದೀರಿ.

ನನಗೆ ಮಾಡಿತು. ನಮ್ಮದು ಚಿತ್ರದುರ್ಗ. ಹಿರಿಯೂರಿನಿಂದ ಕಾರಲ್ಲಿ ಬರುವಾಗ ಹೈವೇಯಲ್ಲಿ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಕೈಮೂಳೆ ಮೂರು ತಿಂಗಳಲ್ಲಿ ಕೂಡಿತು, ನಿದ್ದೆ ಮಾತ್ರ ಹತ್ತಲಿಲ್ಲ. ಅಮ್ಮ ದೃಷ್ಟಿ ತೆಗೆದು ತಾಯಿತ ಕಟ್ಟಿಸಿದರು. ಅವರ ಸಮಾಧಾನಕ್ಕೆ ಸುಮ್ನೆ ಕಟ್ಟಿಸಿಕೊಂಡೆ.

ಥೆರಪಿಸ್ಟ್ ಸಿಕ್ಕಿದ್ದು ದಾವಣಗೆರೆಯಲ್ಲಿ. ಅಲ್ಲಿಗೆ ಹೋಗಲೂ ಅದೇ ಹೈವೇ, ನೋಡಿ! ಮೊದಮೊದಲು ಚಿಕ್ಕಜಾಜೂರು ಸುತ್ತಿಕೊಂಡು ರೈಲಲ್ಲಿ ಹೋದೆ.

ಅವರು ಕಥೆ ಪೂರ್ತಿ ಹೇಳಿಸಲೇ ಇಲ್ಲ. ಲಾರಿಯ ಕೆಂಪು ದೀಪ ಕಂಡಿತು ಅನ್ನುವಷ್ಟರಲ್ಲಿ ತಡೆದು, "ನಿಮ್ಮ ಬಲಗಾಲು ಏನ್ ಮಾಡ್ತಿದೆ ನೋಡ್ರಿ" ಅಂದರು. ಚಪ್ಪಲಿ ಬಿಟ್ಟ ಕಾಲು ನೆಲವನ್ನು ಒತ್ತಿ ಹಿಡಿದಿತ್ತು. ಬ್ರೇಕ್! "ಒತ್ತಲಿ ಬಿಡಿ, ನಿಧಾನಕ್ಕೆ." ಒತ್ತಿದೆ. ತೊಡೆ ಗಡಗಡ ನಡುಗಿತು. ಆಮೇಲೆ ಹೊಟ್ಟೆಯಾಳದಿಂದ ಒಂದು ಉಸಿರು, ಒಂದು ಆಕಳಿಕೆ. ಕಿಟಕಿಯಾಚೆಯ ಬೇವಿನ ಮರ ನೋಡಲು ಹೇಳಿದರು. ಅವತ್ತಿಗೆ ಅಷ್ಟೇ.

ಅಪಾಯ ಬಂದಾಗ ಓಡೋಕೋ ಹೊಡೆದಾಡೋಕೋ ನರಮಂಡಲ ಮೈಯನ್ನು ಸಜ್ಜು ಮಾಡುತ್ತದೆ, ಇಲ್ಲವೇ ಮೈ ಮರಗಟ್ಟುತ್ತದೆ. ಅಪಾಯ ಕಳೆದರೂ ಕೆಲವರಲ್ಲಿ ಆ ಬಿಗಿ ಇಳಿಯುವುದಿಲ್ಲ. ಅಮೆರಿಕದ ಥೆರಪಿಸ್ಟ್ ಪೀಟರ್ ಲೆವಿನ್ 1970ರ ದಶಕದಿಂದ ಬೆಳೆಸಿದ 'ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್' ಎಂಬ ಈ ದೇಹದ ಥೆರಪಿಯಲ್ಲಿ ನೆನಪನ್ನು ಗುಟುಕು ಗುಟುಕಾಗಿ ಮುಟ್ಟಿ, ಮತ್ತೆ ನೆಮ್ಮದಿ ಇರುವ ಕಡೆ ಗಮನ ತರುತ್ತಾರೆ.

ಹಾಗಂತ ಇದೇ ರಾಮಬಾಣ ಅಂದುಕೊಳ್ಳಬೇಡಿ. ಇದರ ಮೇಲಿನ ಅಧ್ಯಯನಗಳು ಇನ್ನೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ್ದು ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣಾಡಿಸುತ್ತಾ ಆಘಾತದ ನೆನಪಿನ ಕಾವು ಇಳಿಸುವ ಚಿಕಿತ್ಸೆ). ಆದ್ದರಿಂದ ಮೊದಲು ಮನೋವೈದ್ಯರನ್ನು ನೋಡಿ. ಹೋಗೋಕೆ ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಕೇಳದೆ ಮೈ ಮುಟ್ಟುವವರು, ಒಂದೇ ದಿನದಲ್ಲಿ ಅಳಿಸಿ ಕಿರುಚಿಸಿ ವಾಸಿ ಮಾಡ್ತೀವಿ ಅನ್ನುವವರು ಸಿಕ್ಕರೆ ಎದ್ದು ಬನ್ನಿ.

ಹಾರ್ನ್ ಕೇಳಿದರೆ ನನ್ನ ಭುಜ ಈಗಲೂ ಏರುತ್ತದೆ. ಆದರೆ ಏರಿದ್ದು ಗೊತ್ತಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೋದ ತಿಂಗಳು ಬಸ್ಸಲ್ಲೇ ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು ಬಂದೆ. ಡ್ರೈವರ್ ಹಿಂದಿನ ಸೀಟು ಮಾತ್ರ ಇನ್ನೂ ಬೇಡ.