ಅಚ್ಚಿನ ತಪ್ಪಲ್ಲ

ಪ್ರಿಯ ಓದುಗರೇ,

ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಹೀಗಿರುವಾಗ ನ್ಯೂಜೆರ್ಸಿಯಲ್ಲಿ ಅವರು 1797ರಲ್ಲೇ ಮತ ಹಾಕಿದ್ದರೆಂದು ನಮ್ಮ ಕಳೆದ ಸಂಚಿಕೆಯಲ್ಲಿ ಬಂದಿರುವುದು ಅಚ್ಚಿನ ತಪ್ಪಿರಬೇಕಲ್ಲವೇ ಎಂದು ಕೇಳಿದ್ದೀರಿ. ಕರಡು ತಿದ್ದುವಾಗ ನಾವು ಎಡವುವುದುಂಟು. ಈ ಸಲ ಎಡವಿಲ್ಲ.

ನ್ಯೂಜೆರ್ಸಿಯ 1776ರ ಸಂವಿಧಾನ, ಮತದಾರ ಗಂಡಸೇ ಆಗಿರಬೇಕು ಎಂದಿರಲಿಲ್ಲ. ವಯಸ್ಸಿಗೆ ಬಂದು, 50 ಪೌಂಡಿನ ಆಸ್ತಿಯಿದ್ದು, ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದಲ್ಲಿ, ಒಂದು ವರ್ಷ ನೆಲೆಸಿದ್ದರೆ ಸಾಕು. 1797ರ ಕಾಯ್ದೆ ‘ಅವನ ಅಥವಾ ಅವಳ ಮತಪತ್ರ’ ಎಂದೇ ಬರೆಯಿತು. ಅದೇ ವರ್ಷ ಎಸೆಕ್ಸ್ ಕೌಂಟಿಯಲ್ಲಿ ಎಲಿಜಬೆತ್‌ಟೌನಿನ ಹೆಂಗಸರು ಎದುರಾಳಿಯ ಪರ ಸಾಲುಗಟ್ಟಿದಾಗ, ನ್ಯೂಅರ್ಕಿನ ಜಾನ್ ಕಾಂಡಿಕ್ಟ್ ಎಂಬ ಅಭ್ಯರ್ಥಿ ಕೂದಲೆಳೆಯಲ್ಲಿ ಗೆದ್ದ. ಈ ಹೆಸರು ನೆನಪಿರಲಿ.

ಹತ್ತು ವರ್ಷದ ನಂತರ, 1807ರ ಫೆಬ್ರವರಿಯಲ್ಲಿ, ಅದೇ ಎಸೆಕ್ಸಿನಲ್ಲಿ ಇನ್ನೊಂದು ಮತದಾನ. ಈ ಸಲ ಅಭ್ಯರ್ಥಿಗಳೇ ಇಲ್ಲ. ಕೌಂಟಿಯ ಹೊಸ ನ್ಯಾಯಾಲಯದ ಕಟ್ಟಡ ನ್ಯೂಅರ್ಕಿನಲ್ಲೋ, ಎಲಿಜಬೆತ್‌ಟೌನಿನ ಕಡೆಗೋ ಎಂಬುದಷ್ಟೇ ಪ್ರಶ್ನೆ. ನ್ಯಾಯಾಲಯ ಬಂದರೆ ಅದರ ಹಿಂದೆ ವಕೀಲರು, ಕಕ್ಷಿಗಾರರು, ಹೋಟೆಲಿನ ವ್ಯಾಪಾರ ಎಲ್ಲ ಬರುತ್ತದೆ. ಎರಡೂ ಊರು ಮರ್ಯಾದೆ ಬದಿಗಿಟ್ಟವು. ಒಮ್ಮೆ ಮತ ಹಾಕಿ ಬಂದ ಗಂಡಸರು, ಮೀಸೆ ಮೂಡದ ಹುಡುಗರು ಲಂಗ ತೊಟ್ಟು, ಟೋಪಿ ಮುಂದಕ್ಕೆಳೆದು ಮತ್ತೆ ಸಾಲಿನಲ್ಲಿ ನಿಂತರೆಂದು ದೂರುಗಳು ಬಂದವು. ಎಣಿಸಿದರೆ ಸುಮಾರು 14 ಸಾವಿರ ಮತ! ಕೌಂಟಿಯಲ್ಲಿ ಅಷ್ಟು ಮತದಾರರೇ ಇರಲಿಲ್ಲ. ನ್ಯೂಅರ್ಕ್ ಗೆದ್ದಿತು, ಶಾಸನಸಭೆ ಫಲಿತಾಂಶವನ್ನೇ ರದ್ದುಮಾಡಿತು.

ಮುಂದಿನದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ನವೆಂಬರಿನಲ್ಲಿ ಬಂದ ಕಾಯ್ದೆ, ಅಕ್ರಮ ತಡೆಯುವ ನೆಪದಲ್ಲಿ, ಬಿಳಿಯ ಗಂಡಸರಿಗಷ್ಟೇ ಮತದಾನ ಉಳಿಸಿತು. ಲಂಗ ತೊಟ್ಟು ಮೋಸ ಮಾಡಿದವರ ಹಕ್ಕು ಭದ್ರ. ಲಂಗ ಯಾರದೋ ಅವರ ಹಕ್ಕು ಹೋಯಿತು. ಆ ಗಲಾಟೆಯಲ್ಲಿ ಸ್ವತಂತ್ರ ಕಪ್ಪು ಜನರೂ ಹೊರಬಿದ್ದರು. ತೆರಿಗೆ ಕಟ್ಟುವ ಬಿಳಿಯ ಗಂಡಸಿಗೆ ಮಾತ್ರ 50 ಪೌಂಡಿನ ಷರತ್ತೂ ಸಡಿಲವಾಯಿತು. ಮಸೂದೆ ತಂದವನು ಜಾನ್ ಕಾಂಡಿಕ್ಟ್. ಅವನು ಹಳೆಯ ಲೆಕ್ಕ ಚುಕ್ತಾ ಮಾಡಿದ ಎಂದೇ ನನ್ನ ಗುಮಾನಿ.

ತಪ್ಪಿಲ್ಲ ಎಂದೆನಲ್ಲ, ಒಂದಿದೆ. ‘ಮಹಿಳೆಯರು ಮತ ಹಾಕುತ್ತಿದ್ದರು’ ಎಂದಷ್ಟೇ ಅಚ್ಚಾಗಿತ್ತು. ಮದುವೆಯಾದವಳ ಆಸ್ತಿ ಆಗಿನ ಕಾನೂನಿನಲ್ಲಿ ಗಂಡನದಾಗುತ್ತಿದ್ದುದರಿಂದ ಅದನ್ನು ‘ಆಸ್ತಿಯುಳ್ಳ ಅವಿವಾಹಿತೆಯರು ಮತ್ತು ವಿಧವೆಯರು’ ಎಂದು ದಯವಿಟ್ಟು ತಿದ್ದಿಕೊಳ್ಳಿ.

– ಸಂಪಾದಕ