ಮರ ಹಸಿರಾಗಿದೆ, ಆದರೆ ಒಳಗೆ ಕೊಳೆತಿದೆಯಾ? ಕಡಿಯದೆ ತಿಳಿಯುವುದು ಹೇಗೆ?

ಎಲೆ ನೋಡಿ ತೀರ್ಮಾನಿಸಬೇಡಿ. ನೀರು ಮೇಲೇರುವುದು ತೊಗಟೆಯ ಹಿಂದಿರುವ ಹೊರಪದರದಲ್ಲಿ. ನಡುವಿನ ಚೇಗು ಸತ್ತ ಭಾಗ ಅಲ್ವಾ, ಅದು ಪೂರ್ತಿ ಟೊಳ್ಳಾದರೂ ಮರ ಚಿಗುರುತ್ತಲೇ ಇರುತ್ತದೆ.

ಮೊದಲು ಬುಡ ನೋಡಿ. ತರಗೆಲೆ ಸರಿಸಿ, ಬೇರು ಕಾಂಡಕ್ಕೆ ಸೇರುವ ಜಾಗದಲ್ಲಿ ಚಿಪ್ಪಿನಂಥ ಗಟ್ಟಿ ಅಣಬೆ ಅಂಟಿಕೊಂಡಿದ್ದರೆ ಒಳಗೆ ಶಿಲೀಂಧ್ರ ಕಟ್ಟಿಗೆ ತಿನ್ನುತ್ತಿದೆ ಎಂದೇ ತಿಳಿಯಿರಿ; ಅಣಬೆ ಹೊರಗೆ ಕಾಣುವ ಹೊತ್ತಿಗೆ ಕೊಳೆತ ಸಾಮಾನ್ಯವಾಗಿ ಸಾಕಷ್ಟು ಹರಡಿರುತ್ತದೆ. ಹಳೆಯ ಕೊಂಬೆ ಕಡಿದ ಗಾಯ, ಸೀಳು, ಬುಡದಲ್ಲಿ ವಿಚಿತ್ರ ಉಬ್ಬು, ಇವನ್ನೂ ಗಮನಿಸಿ.

ಆಮೇಲೆ ಮರದ ಸುತ್ತಿಗೆಯಿಂದ ಕಾಂಡದ ಸುತ್ತ ತಟ್ಟುತ್ತಾ ಬನ್ನಿ. ಟೊಳ್ಳಿದ್ದಲ್ಲಿ ಸದ್ದು ಬದಲಾಗುತ್ತದೆ. ಆದರೆ ಈಗಷ್ಟೇ ಶುರುವಾದ ಕೊಳೆತ ಇದರಲ್ಲಿ ಸಿಗುವುದಿಲ್ಲ.

ಅನುಮಾನ ಉಳಿದರೆ ಯಂತ್ರ ಬೇಕು. ಸೋನಿಕ್ ಟೊಮೊಗ್ರಫಿಯಲ್ಲಿ ಕಾಂಡದ ಸುತ್ತ ಸೆನ್ಸರ್ ಕೂರಿಸಿ ತಟ್ಟುತ್ತಾರೆ. ಗಟ್ಟಿ ಕಟ್ಟಿಗೆಯಲ್ಲಿ ಸದ್ದು ಬೇಗ ಸಾಗುತ್ತದೆ, ಕೊಳೆತಿದ್ದರೆ ತಡವಾಗಿ ತಲುಪುತ್ತದೆ, ಆ ವ್ಯತ್ಯಾಸದಿಂದಲೇ ಒಳಗಿನ ಚಿತ್ರ ಮೂಡುತ್ತದೆ. ಬಿರುಕನ್ನೂ ಅದು ದೊಡ್ಡ ಟೊಳ್ಳಿನಂತೆ ತೋರಿಸಬಹುದು, ಹಾಗಾಗಿ ಚಿತ್ರ ನೋಡಿದ ತಕ್ಷಣ ಗರಗಸ ತರಬೇಡಿ. ರೆಸಿಸ್ಟೋಗ್ರಾಫ್‌ನಿಂದ ಖಚಿತಪಡಿಸಿಕೊಳ್ಳಿ. ಅದರ ಸಪೂರ ಸೂಜಿ, ತುದಿ ಸುಮಾರು 3 ಮಿ.ಮೀ., ಕೊರೆಯುತ್ತಾ ಹೋದಂತೆ ಪ್ರತಿರೋಧದ ಗೆರೆ ಬರೆಯುತ್ತದೆ. ಮೆತ್ತಗಾದಲ್ಲಿ ಗೆರೆ ಕುಸಿಯುತ್ತದೆ.

ಟೊಳ್ಳು ಅಂದರೆ ಬೀಳುತ್ತದೆ ಅಂತಲ್ಲ. ಸುತ್ತಲಿನ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಅಪಾಯ ಜಾಸ್ತಿ ಎಂಬುದು ಒಂದು ಅಂದಾಜು ಲೆಕ್ಕ. ಗೋಡೆಯಲ್ಲೇ ಬಾಯಿ ತೆರೆದಿದ್ದರೆ ಈ ಲೆಕ್ಕವನ್ನೂ ನಂಬುವಂತಿಲ್ಲ.